ಒಂದು ಗಂಟೆಯ ಕಯಾಕ್, ವರ್ಷಪೂರ್ತಿಯ ಹೊಳೆ

ಉಡುಪಿ ಜಿಲ್ಲೆಯ ಕೋಡಿ ಬೆಂಗ್ರೆಗಿಂತ ಸ್ವಲ್ಪ ಒಳಗೆ, ಸೀತಾ ಹೊಳೆಯ ಒಂದು ಕವಲಲ್ಲಿ ಬೆಳಿಗ್ಗೆ ಆರೂವರೆಗೆ ಕಯಾಕ್ ಎಂಬ ಸಣ್ಣ ಹುಟ್ಟುದೋಣಿ ಇಳಿಸಿದೆವು. ಉಬ್ಬರದ ನೀರು ಏರುತ್ತಿತ್ತು. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ದಾರಿ ಎಷ್ಟು ಕಿರಿದೆಂದರೆ, ಹುಟ್ಟನ್ನು ಅಡ್ಡ ಹಿಡಿದರೆ ಎರಡೂ ತುದಿ ಬೇರಿಗೆ ತಾಗುತ್ತವೆ. ಕೂತವರ ಕಣ್ಣಿನ ಮಟ್ಟಕ್ಕೇ ಬೇರುಗಳು. ಒಂದು ಬೇರಿಗೆ ಹಾಲಿನ ಪ್ಯಾಕೆಟ್ ಸುತ್ತಿಕೊಂಡಿತ್ತು. ಇನ್ನೊಂದಕ್ಕೆ ಹರಿದ ನೈಲಾನ್ ಬಲೆ. ಆಚೆ ಕಡೆ ಥರ್ಮಕೋಲ್ ತುಂಡು, ಅದರ ಹಿಂದೆ ಯಾವುದೋ ಮಗುವಿನ ಒಂಟಿ ಚಪ್ಪಲಿ. ಇದೇ ಕಾಡನ್ನು ಮಾಬುಕಳ ಸೇತುವೆ ದಾಟುವಾಗ ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೇನೆ. ಆಗೆಲ್ಲ ಹಸಿರು ಬಿಟ್ಟು ಬೇರೇನೂ ಕಂಡಿರಲಿಲ್ಲ.

ಜೊತೆಗಿದ್ದ ಹುಡುಗ ಅಲ್ಲೇ ಮೀನುಗಾರರ ಮನೆಯವನು. ‘ಇದು ನಮ್ಮ ಊರಿಂದಲ್ಲ ಮಾರಾಯ್ರೆ, ಮೇಲಿಂದ ಬಂದದ್ದು’ ಅಂದ. ಮೊದಲ ಮಳೆಗೆ ಮೇಲಿನ ಊರುಗಳ ಚರಂಡಿ, ತೋಡು ಎಲ್ಲ ತೊಳೆದು ಹೊಳೆಗೆ ಬರುತ್ತದೆ. ಕಾಂಡ್ಲಾ ಬೇರು ಅದನ್ನು ಜರಡಿಯ ಹಾಗೆ ಹಿಡಿದಿಡುತ್ತದೆ. ದೊಡ್ಡ ದೋಣಿ ಒಳಗೆ ಬರುವುದಿಲ್ಲ. ನಡೆದು ಹೋಗೋಣ ಅಂದರೆ ಮೊಣಕಾಲವರೆಗೆ ಕೆಸರು. ಹೋಗಿ ಎತ್ತಿ ತರಲು ಆಗುವುದು ಇಂಥ ಸಣ್ಣ ದೋಣಿಗೆ ಮಾತ್ರ.

ಈಗ ನಮ್ಮಲ್ಲಿ ಕಯಾಕ್ ಅಪರೂಪದ್ದೇನಲ್ಲ. ಉಡುಪಿಯ ಸೀತಾ–ಸ್ವರ್ಣಾ ಅಳಿವೆ, ಹೊನ್ನಾವರದ ಶರಾವತಿ, ದಾಂಡೇಲಿ ಸುತ್ತಿನ ಕಾಳಿ, ಭೀಮೇಶ್ವರಿಯ ಕಾವೇರಿ, ಎಲ್ಲ ಕಡೆ ಸಿಗುತ್ತದೆ. ಸಿಗುವ ರೀತಿ ಮಾತ್ರ ಹೆಚ್ಚುಕಡಿಮೆ ಒಂದೇ. ಒಂದು ಗಂಟೆಯ ಟಿಕೆಟ್, ಕಿತ್ತಳೆ ಬಣ್ಣದ ಲೈಫ್ ಜಾಕೆಟ್, ನಾಲ್ಕು ಫೋಟೊ, ಒಂದು ರೀಲ್. ವಾಪಸ್ ಬಂದು ಬಟ್ಟೆ ಬದಲಿಸಿ ನೀರ್ ದೋಸೆ ತಿನ್ನಲು ಹೊರಡುವುದು. ಇದರಲ್ಲಿ ತಪ್ಪೇನಿಲ್ಲ, ನಾನೂ ಹಾಗೇ ಶುರು ಮಾಡಿದವನು. ಆದರೆ ನೀರಿನ ಬಗ್ಗೆ ಏನೂ ಕಲಿಯದೆ, ಹೊಳೆಗೆ ಏನೂ ಕೊಡದೆ ಬಂದು ಹೋಗುವವರೇ ತುಂಬಿಕೊಂಡರೆ ಈ ಆಟ ಬಹಳ ದಿನ ನಡೆಯುವುದಿಲ್ಲ. ಒಂದೋ ಯಾವುದಾದರೂ ಅಪಘಾತವಾಗಿ ಬಂದ್ ಆಗುತ್ತದೆ, ಇಲ್ಲ ಹೊಳೆಯೇ ಕೆಟ್ಟು ನಿಲ್ಲುತ್ತದೆ.

ಮೊದಲು ಒಂದು ಸಣ್ಣ ವಿವರಣೆ. ಕಯಾಕ್, ಕನೂ ಎರಡನ್ನೂ ನಾವು ಒಂದೇ ಉಸಿರಿಗೆ ಹೇಳುತ್ತೇವೆ. ಕಯಾಕ್‌ನಲ್ಲಿ ಕಾಲು ಮುಂದೆ ಚಾಚಿ ಕೂರುತ್ತಾರೆ, ಹುಟ್ಟಿಗೆ ಎರಡೂ ತುದಿಯಲ್ಲಿ ಅಲಗು. ಕನೂನಲ್ಲಿ ಮಂಡಿಯೂರಿ ಅಥವಾ ಅಡ್ಡಪಟ್ಟಿಯ ಮೇಲೆ ಕೂತು ಒಂದೇ ಅಲಗಿನ ಹುಟ್ಟು ಹಾಕುತ್ತಾರೆ. ಕಯಾಕ್ ಮೂಲತಃ ಹಿಮದ ನಾಡಿನ ಇನೂಯಿಟ್ ಜನರ ಬೇಟೆ ದೋಣಿ, ಸೀಲ್ ಚರ್ಮ ಹೊದಿಸಿ ಮಾಡಿದ್ದು. ಜಾನ್ ಮೆಕ್‌ಗ್ರೆಗರ್ ಎಂಬ ಸ್ಕಾಟ್ಲೆಂಡ್ ಮೂಲದ ವಕೀಲ 1865ರಲ್ಲಿ ಅಂಥದೇ ಮಾದರಿಯ ದೋಣಿಯಲ್ಲಿ ಯುರೋಪಿನ ನದಿಗಳನ್ನು ಒಬ್ಬನೇ ಸುತ್ತಿ ಬಂದ. ಅದಾದ ಮೇಲೆ ಅಲ್ಲಿನವರಿಗೆ ಇದೊಂದು ಹುಚ್ಚಾಯಿತು. 1936ರ ಬರ್ಲಿನ್ ಒಲಿಂಪಿಕ್ಸ್‌ನಿಂದ ಇದು ಪದಕದ ಆಟ.

ನಮಗೂ ನಮ್ಮದೇ ಹುಟ್ಟಿನ ದೋಣಿ ಇದೆಯಲ್ಲ, ಹರಿಗೋಲು. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದನ್ನು ನೋಡಿ ಬೆರಗಾಗಿದ್ದ. ಬುಟ್ಟಿಯ ಹಾಗೆ ದುಂಡಗಿದೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಯುತ್ತಾರೆ, ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತದೆ ಎಂದೆಲ್ಲ ಬರೆದಿಟ್ಟ. ಆನೆಗೊಂದಿಯ ಕಡವಿನಲ್ಲಿ ಇವತ್ತಿಗೂ ಅದು ಸುತ್ತುತ್ತಲೇ ಇದೆ. ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಟಾರು ಬಂದಿದೆ, ಅಷ್ಟೇ ವ್ಯತ್ಯಾಸ.

ಇನ್ನು ವಿಷಯಕ್ಕೆ ಬರೋಣ. 1880ರಲ್ಲಿ ನ್ಯೂಯಾರ್ಕ್ ರಾಜ್ಯದ ಲೇಕ್ ಜಾರ್ಜ್ ದಂಡೆಯಲ್ಲಿ ಒಂದಷ್ಟು ಹವ್ಯಾಸಿಗಳು ಸೇರಿ ಅಮೆರಿಕನ್ ಕನೂ ಅಸೋಸಿಯೇಷನ್ ಕಟ್ಟಿದರು. ಅದು ಇವತ್ತಿಗೂ ನಡೆಯುತ್ತಿದೆ. ಕಲಿಸುವುದು, ನೀರಿನ ದಾರಿ ಕಾಯುವುದು, ಆಡುವುದು, ಸ್ಪರ್ಧೆ ನಡೆಸುವುದು ಎಲ್ಲ ಒಂದೇ ಸಂಘದ ಕೆಲಸ. ಕೇಳಿದರೆ ಸಂಘಗಳ ಉದ್ದೇಶಪತ್ರದಲ್ಲಿ ಇರುವಂಥ ಮಾತು ಅನ್ನಿಸುತ್ತದೆ. ಹೊಳೆಗೆ ಇಳಿದು ನೋಡಿದಾಗಲೇ ಇವು ಒಂದಕ್ಕೊಂದು ಹೇಗೆ ಗಂಟು ಬಿದ್ದಿವೆ ಅಂತ ಗೊತ್ತಾಗುವುದು.

ಮೊದಲ ಪಾಠ: ಬೀಳುವುದು

ಕಯಾಕ್ ಸರಿಯಾಗಿ ಕಲಿಸುವ ಕಡೆ ಮೊದಲ ದಿನವೇ ನಿಮ್ಮನ್ನು ಮಗುಚಿ ಹಾಕುತ್ತಾರೆ. ಬೇಕಂತಲೇ. ತಲೆ ಕೆಳಗಾಗಿ ನೀರೊಳಗಿದ್ದಾಗ ಗಾಬರಿಯಾಗದೆ ದೋಣಿಯಿಂದ ಕಾಲು ಬಿಡಿಸಿಕೊಳ್ಳಬೇಕು. ಮೇಲೆ ಬಂದು ದೋಣಿ ಹಿಡಿದುಕೊಳ್ಳಬೇಕು. ಹುಟ್ಟು ಬಿಡಬಾರದು. ಆಮೇಲೆ ಜೊತೆಯವರ ಸಹಾಯದಿಂದ ಮತ್ತೆ ಹತ್ತಬೇಕು. ಇಷ್ಟು ನಾಲ್ಕು ಸಲ ಮಾಡಿದರೆ ನೀರಿನ ಅರ್ಧ ಭಯ ಹೋಗುತ್ತದೆ. ಉಳಿದರ್ಧ ಇರಬೇಕಾದ ಭಯ.

ನಮ್ಮಲ್ಲಿ ಹೇಗೆ? ಒಂದು ಊರಿನ ಜಲಕ್ರೀಡೆ ಜಾಗಕ್ಕೆ ಹೋಗಿದ್ದೆ. ಹೆಸರು ಬೇಡ. ನನಗೆ ಕೊಟ್ಟ ಜಾಕೆಟ್‌ನ ಮೂರು ಬಕಲ್‌ಗಳಲ್ಲಿ ಒಂದು ಮಾತ್ರ ಕೂರುತ್ತಿತ್ತು. ಹೇಳಿದ್ದಕ್ಕೆ ಅಲ್ಲಿಯ ಹುಡುಗ ಪ್ಲಾಸ್ಟಿಕ್ ಹಗ್ಗ ತಂದು ಎದೆಗೆ ಸುತ್ತಿ ಗಂಟು ಹಾಕಿದ. ‘ಏನಾಗಲ್ಲ ಸಾರ್, ಅಷ್ಟೇನು ಆಳ ಇಲ್ಲ’ ಅಂದ. ಈಜು ಬರುತ್ತಾ ಅಂತ ಯಾರೂ ಕೇಳಲಿಲ್ಲ. ಬಿದ್ದರೆ ಏನು ಮಾಡಬೇಕು ಅಂತ ಯಾರೂ ಹೇಳಲಿಲ್ಲ. ಜವಾಬ್ದಾರಿ ನಮ್ಮದಲ್ಲ ಎಂಬ ಕಾಗದಕ್ಕೆ ಮಾತ್ರ ಮರೆಯದೆ ಸಹಿ ಹಾಕಿಸಿಕೊಂಡರು.

ಲೈಫ್ ಜಾಕೆಟ್ ವಿಷಯದಲ್ಲಿ ಅಮೆರಿಕದ ಕೋಸ್ಟ್ ಗಾರ್ಡ್ ವರ್ಷ ವರ್ಷ ಲೆಕ್ಕ ಕೊಡುತ್ತದೆ. ದೋಣಿ ಅಪಘಾತದಲ್ಲಿ ಮುಳುಗಿ ಸತ್ತವರಲ್ಲಿ 100ಕ್ಕೆ 80ಕ್ಕಿಂತ ಹೆಚ್ಚು ಮಂದಿ ಜಾಕೆಟ್ ಹಾಕಿರುವುದಿಲ್ಲ. ಗಾತ್ರ ಸರಿಯಿಲ್ಲದ ಜಾಕೆಟ್ ಹಾಕಿದರೂ ಕಥೆ ಬೇರೆಯಲ್ಲ, ನೀರಿಗೆ ಬಿದ್ದ ಕೂಡಲೇ ಅದು ಮೇಲೆ ಜಾರಿ ಮುಖ ಮುಚ್ಚುತ್ತದೆ. ಹಾಕಿಕೊಂಡ ಮೇಲೆ ಹೆಗಲ ಪಟ್ಟಿ ಹಿಡಿದು ಯಾರಿಂದಾದರೂ ಮೇಲಕ್ಕೆ ಎಳೆಸಿ ನೋಡಿ. ಕಿವಿಯ ತನಕ ಬಂತೆಂದರೆ ಬೇರೆ ಕೇಳಿ ಪಡೆಯಿರಿ.

ಭಾರತದಲ್ಲಿ ನೀರಲ್ಲಿ ಮುಳುಗಿ ವರ್ಷಕ್ಕೆ 35 ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. ಇವರಲ್ಲಿ ಬಹುಪಾಲು ಸಾಹಸಕ್ಕೆ ಹೋದವರಲ್ಲ. ಬಟ್ಟೆ ಒಗೆಯಲು, ದನ ತೊಳೆಯಲು, ಸ್ನಾನಕ್ಕೆ ಹೋದವರು, ಕೆರೆ ಹೊಂಡಕ್ಕೆ ಆಡಲು ಇಳಿದ ಮಕ್ಕಳು. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದ ಕಡಲಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಹೋದರು. ಅದೇ ವರ್ಷ ಜನವರಿಯಲ್ಲಿ ವಡೋದರದ ಹರಣಿ ಕೆರೆಯಲ್ಲಿ ಶಾಲಾ ಪಿಕ್ನಿಕ್‌ನ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು.

ಇಂಥದ್ದು ನಡೆದಾಗ ನಮ್ಮ ವ್ಯವಸ್ಥೆಗೆ ಗೊತ್ತಿರುವ ಔಷಧಿ ಒಂದೇ, ಬಂದ್ ಮಾಡುವುದು. ಮುರ್ಡೇಶ್ವರದ ಬೀಚ್ ಕೆಲವು ಕಾಲ ಮುಚ್ಚಿತು. 2022ರಲ್ಲಿ ದಾಂಡೇಲಿ ಸುತ್ತಿನ ಗಣೇಶಗುಡಿ ಹತ್ತಿರ ಮಿತಿಮೀರಿ ಜನ ತುಂಬಿಸಿದ ರಾಫ್ಟ್ (ಗಾಳಿ ತುಂಬಿದ ರಬ್ಬರ್ ದೋಣಿ) ಕಾಳಿಯ ಸುಳಿಯಲ್ಲಿ ಸಿಕ್ಕಿಕೊಂಡ ವಿಡಿಯೊ ಹರಿದಾಡಿದಾಗಲೂ ಅಷ್ಟೇ, ಜಲಕ್ರೀಡೆಗೆ ತಡೆ ಬಿತ್ತು. ಆ ಹೊತ್ತಿಗೆ ಬಂದ್ ಮಾಡಲೇಬೇಕು ಅನ್ನೋದು ಸರಿ. ಆದರೆ ಬಾಗಿಲು ಮತ್ತೆ ತೆಗೆಯುವಾಗ ಒಳಗೆ ಏನು ಬದಲಾಯಿತು? ಕೋಲಾರದ ಹುಡುಗಿಗೆ ಸಮುದ್ರ ಹೇಗೆ ಎಳೆಯುತ್ತದೆ ಅಂತ ಹೇಳಿಕೊಡುವವರು ಯಾರು? ಅವಳ ಊರಲ್ಲಿ ಈಜು ಕಲಿಯಲು ಜಾಗವಾದರೂ ಎಲ್ಲಿದೆ?

ಕರಾವಳಿಯ ಒಂದು ಉದಾಹರಣೆ ಹೇಳುತ್ತೇನೆ, ಕಿಂಡಿ ಅಣೆಕಟ್ಟು. ಮಳೆ ನಿಂತ ಮೇಲೆ ಹಲಗೆ ಹಾಕಿ ನೀರು ನಿಲ್ಲಿಸುತ್ತಾರೆ, ಮಳೆಗಾಲಕ್ಕೆ ಮುಂಚೆ ತೆಗೆಯುತ್ತಾರೆ. ಹಲಗೆಯ ಮೇಲಿಂದ ನೀರು ಒಂದೇ ಸಮನೆ ಪರದೆಯ ಹಾಗೆ ಬೀಳುವಾಗ ನೋಡಲು ಚೆಂದ, ಆಳವೂ ಕಡಿಮೆ ಅನ್ನಿಸುತ್ತದೆ. ಆದರೆ ಬಿದ್ದ ನೀರು ಕೆಳಗೆ ಹೋಗಿ, ಮೇಲೆದ್ದು, ಮತ್ತೆ ಅಣೆಕಟ್ಟಿನ ಕಡೆಗೇ ಉರುಳುತ್ತದೆ. ಅದರಲ್ಲಿ ಸಿಕ್ಕವನನ್ನು ಒಳಗೆಳೆದು, ಮೇಲೆ ತಂದು, ಮತ್ತೆ ಒಳಗೆಳೆಯುತ್ತದೆ. ಒಳ್ಳೆ ಈಜುಗಾರನೂ ಸುಸ್ತಾಗುತ್ತಾನೆ. ಬದುಕಿಸಲು ಹಾರಿದವನೂ ಅಲ್ಲೇ ಸಿಕ್ಕಿಬೀಳುತ್ತಾನೆ. ಹೊರದೇಶದ ಕಯಾಕ್‌ನವರು ಇಂಥ ತಗ್ಗು ಒಡ್ಡುಗಳನ್ನು ‘ಮುಳುಗಿಸುವ ಯಂತ್ರ’ ಅಂತಲೇ ಕರೆಯುತ್ತಾರೆ. ಶಿಬಿರಗಳಲ್ಲಿ ಇದಕ್ಕೆಂದೇ ಪಾಠ ಇರುತ್ತದೆ. ಮೇಲಿಂದ ಬರುವಾಗ ಅಣೆಕಟ್ಟಿನ ಅಂಚು ಒಂದು ನೇರ ಗೆರೆಯಾಗಿ ಮಾತ್ರ ಕಾಣುತ್ತದೆ, ಆ ಗೆರೆ ಕಂಡ ಕೂಡಲೇ ದಡ ಸೇರಬೇಕು. ಕೆಳಗಿನಿಂದಲೂ ಹತ್ತಿರ ಹೋಗಬಾರದು. ಯಾರಾದರೂ ಸಿಕ್ಕಿಕೊಂಡಿದ್ದರೆ ದಡದಿಂದ ಹಗ್ಗ ಎಸೆಯಬೇಕು, ನೀರಿಗೆ ಹಾರಬಾರದು. ಈ ನಾಲ್ಕು ಮಾತು ನಮ್ಮ ಎಷ್ಟು ಹೈಸ್ಕೂಲುಗಳಲ್ಲಿ ಹೇಳುತ್ತಾರೆ?

ನೀರು ಓದುವುದು ಅಂದರೆ ಇದೇ. ಹರಿವಿನಲ್ಲಿ ಬಾಣದ ತುದಿಯಂಥ ಆಕಾರ ಕಾಣುತ್ತದೆ. ತುದಿ ಕೆಳಕ್ಕೆ ತೋರುತ್ತಿದ್ದರೆ ಅಲ್ಲಿ ದಾರಿ, ಮೇಲಕ್ಕೆ ತೋರುತ್ತಿದ್ದರೆ ಅಲ್ಲಿ ಕಲ್ಲು. ಮರ ಬಿದ್ದಿರುವ ಕಡೆ ನೀರು ನುಸುಳಿ ಹೋಗುತ್ತದೆ, ಮನುಷ್ಯ ಅಲ್ಲೇ ಸಿಕ್ಕಿಕೊಳ್ಳುತ್ತಾನೆ. ಹಳೇ ಅಂಬಿಗರಿಗೆ, ಬೀಸುಬಲೆ ಹಾಕುವವರಿಗೆ ಇದೆಲ್ಲ ಬಾಯಿಪಾಠ. ಆ ಜ್ಞಾನಕ್ಕೆ ಸರ್ಟಿಫಿಕೇಟ್ ಇಲ್ಲ, ಸರ್ಟಿಫಿಕೇಟ್ ಇರುವ ಕೆಲವರಿಗೆ ಆ ಜ್ಞಾನ ಇಲ್ಲ. ಗೋವಾದಲ್ಲಿ 1990ರಿಂದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ, ಜೀವರಕ್ಷಕರಿಗೆ ತರಬೇತಿ ಕೊಡುತ್ತದೆ. ನಮ್ಮಲ್ಲಿ ಜನರಲ್ ತಿಮ್ಮಯ್ಯ ಹೆಸರಿನ ಸಾಹಸ ಅಕಾಡೆಮಿ ಇದೆ. ಹಂಗಾರಕಟ್ಟೆಯ ಮೀನುಗಾರ ಹುಡುಗ ಅಲ್ಲಿ ಹದಿನೈದು ದಿನ ಕಲಿತು ಬಂದರೆ, ಅವನ ಅಜ್ಜನ ವಿದ್ಯೆಯೂ ಅವನ ಪ್ರಥಮ ಚಿಕಿತ್ಸೆಯೂ ಒಂದೇ ದೋಣಿಯಲ್ಲಿರುತ್ತವೆ. ಅವನಿಗಿಂತ ಒಳ್ಳೆ ಗುರು ಬೆಂಗಳೂರಿಂದ ಬರಲು ಸಾಧ್ಯವಿಲ್ಲ.

ಇದು ಪದಕಕ್ಕೂ ದಾರಿ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಇಬ್ಬರ ಕನೂ 1000 ಮೀಟರ್‌ನಲ್ಲಿ ಅರ್ಜುನ್ ಸಿಂಗ್, ಸುನಿಲ್ ಸಿಂಗ್ ಸಲಾಮ್ ಕಂಚು ಗೆದ್ದರು. ಸುನಿಲ್ ಮಣಿಪುರದವರು, ಲೋಕ್ಟಾಕ್ ಸರೋವರದ ಸೀಮೆಯವರು, ಅಂದರೆ ದೋಣಿಯ ಜೊತೆಗೇ ಬೆಳೆಯುವ ನಾಡಿನವರು. ಗ್ವಾಲಿಯರ್‌ನ ಪ್ರಾಚಿ ಯಾದವ್ ಮೊದಲು ಪ್ಯಾರಾ ಈಜುಗಾರ್ತಿ. ಆಮೇಲೆ ಹುಟ್ಟು ಹಿಡಿದು ಭೋಪಾಲ್‌ನ ಕೆರೆಯಲ್ಲಿ ಅಭ್ಯಾಸ ಮಾಡಿದರು. ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಪ್ಯಾರಾ ಕನೂಗೆ ಇಳಿದ ಮೊದಲ ಭಾರತೀಯರಾದರು, ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ ಚಿನ್ನ ತಂದರು. ಮಧ್ಯಪ್ರದೇಶಕ್ಕೆ ಒಂದು ಮೊಳ ಸಮುದ್ರ ಇಲ್ಲ. ನಮಗೆ 300 ಕಿ.ಮೀ. ಕರಾವಳಿ ಇದೆ, ಇಷ್ಟೆಲ್ಲ ಹಿನ್ನೀರಿದೆ. ಹೊಟ್ಟೆ ಉರಿಯಬೇಕು ಅಲ್ವಾ?

ಬಾಯಿಗೆ ಹೋಗುವ ನೀರು

ಮಗುಚಿ ಬೀಳುವುದನ್ನು ಕಲಿಸಬೇಕು ಅಂದೆನಲ್ಲ, ಅಲ್ಲೇ ಎರಡನೇ ಪ್ರಶ್ನೆ ಏಳುತ್ತದೆ. ಬಿದ್ದಾಗ ಮೂಗು ಬಾಯಿಗೆ ನೀರು ಹೋಗೇ ಹೋಗುತ್ತದೆ. ಆ ನೀರು ಎಂಥದ್ದು?

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪಟ್ಟಿಯಲ್ಲಿ ಸ್ನಾನಕ್ಕೆ ಯೋಗ್ಯವಾದ ನೀರು ‘ಬಿ’ ದರ್ಜೆ. 100 ಮಿಲಿ ಲೀಟರ್ ನೀರಿನಲ್ಲಿ ಕೊಳಚೆಯ ಸುಳಿವು ಕೊಡುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ 500 ದಾಟಬಾರದು, ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕ ಕರಗಿರಬೇಕು. ಕಯಾಕ್ ಕಲಿಸುವ ಯಾವ ನೀರಾದರೂ ಇಷ್ಟಾದರೂ ಇರಬೇಕು ತಾನೆ? ಬೆಂಗಳೂರಿನ ಕೆರೆಗಳಿಗೆ ಈ ಅಳತೆ ಹಿಡಿದರೆ ಎಷ್ಟು ಉಳಿಯುತ್ತವೆ ಅಂತ ಕೇಳುವುದೇ ಬೇಡ. ಬೆಳ್ಳಂದೂರು ಕೆರೆ 2018ರ ಜನವರಿಯಲ್ಲಿ ಹೊತ್ತಿ ಉರಿಯಿತು, ಕೆರೆ! ಸೈನಿಕರು ದೋಣಿ ನಡೆಸಿ ಕಲಿತ ಹಲಸೂರು ಕೆರೆಯಲ್ಲಿ 2016ರ ಮಾರ್ಚ್‌ನಲ್ಲಿ ಮೀನುಗಳ ರಾಶಿ ಸತ್ತು ತೇಲಿತು.

ಇಲ್ಲೇ ನನಗೆ ಕಯಾಕ್ ಬರೀ ಆಟಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ವಸ್ತು ಅನ್ನಿಸುವುದು. ವಾಕಿಂಗ್ ಪಾತ್‌ನಲ್ಲಿ ನಡೆಯುವವನು ವಾಸನೆ ಬಂದರೆ ಮೂಗು ಮುಚ್ಚಿಕೊಂಡು ಮುಂದೆ ಹೋಗುತ್ತಾನೆ. ಮಗಳನ್ನು ಅದೇ ನೀರಲ್ಲಿ ಮಗುಚಿ ಬೀಳಿಸಬೇಕಾದ ಅಪ್ಪ ಹಾಗೆ ಹೋಗಲಾರ. ಒಳಚರಂಡಿ ಎಲ್ಲಿ ಸೇರುತ್ತಿದೆ ಅಂತ ಹುಡುಕುತ್ತಾನೆ, ಕಯಾಕ್‌ನಲ್ಲಿ ಹೋಗಿ ಆ ಪೈಪಿನ ಫೋಟೊ ತೆಗೆಯುತ್ತಾನೆ. ಕೋಪನ್‌ಹೇಗನ್ ಬಂದರು ಒಂದು ಕಾಲಕ್ಕೆ ಕೊಳಚೆ. ಚರಂಡಿ ನೀರನ್ನು ತಡೆದು ಸರಿ ಮಾಡಿದ ಮೇಲೆ 2002ರಲ್ಲಿ ಅಲ್ಲಿ ಈಜುವ ಜಾಗ ತೆರೆದರು. 2017ರಲ್ಲಿ ಡೆನ್ಮಾರ್ಕ್‌ನಲ್ಲಿ ಗ್ರೀನ್‌ಕಯಾಕ್ ಎಂಬ ಸಂಸ್ಥೆ ಶುರುವಾಯಿತು. ಕಯಾಕ್ ಬಿಟ್ಟಿ ಕೊಡುತ್ತಾರೆ, ಬದಲಿಗೆ ನೀವು ಹೋದ ದಾರಿಯ ಕಸ ಬಕೆಟ್ಟಿಗೆ ಹಾಕಿ ತರಬೇಕು, ತೂಕ ಮಾಡಿಸಬೇಕು. ಟಿಕೆಟ್ಟಿಗೆ ದುಡ್ಡಿಲ್ಲದ ಕಾಲೇಜು ಹುಡುಗರೂ ನೀರಿಗೆ ಇಳಿದರು. ಸೀತಾ ಹೊಳೆಯ ಬೇರುಗಳನ್ನು ನೋಡಿದಾಗೆಲ್ಲ ನನಗೆ ಈ ಬಕೆಟ್ ನೆನಪಾಗುತ್ತದೆ.

ಅಷ್ಟು ದೂರ ಹೋಗುವುದೇ ಬೇಡ, ಪಕ್ಕದ ಕೇರಳ ಸಾಕು. ಚಾಲಿಯಾರ್ ಹೊಳೆಯಲ್ಲಿ ನಿಲಂಬೂರಿನಿಂದ ಬೇಪೂರಿನವರೆಗೆ 68 ಕಿ.ಮೀ. ಹುಟ್ಟು ಹಾಕುವ ಒಂದು ಯಾತ್ರೆ ನಡೆಯುತ್ತದೆ, ಮೂರು ದಿನ. ಕಯಾಕ್, ನಿಂತು ಹುಟ್ಟು ಹಾಕುವ ಹಲಗೆ, ಹಾಯಿದೋಣಿ ಎಲ್ಲ ಸೇರುತ್ತವೆ. ದಾರಿಯುದ್ದ ಕಸ ಆರಿಸುತ್ತಾರೆ. ಇದೇ ಚಾಲಿಯಾರ್ ದಶಕಗಳ ಕಾಲ ಮಾವೂರಿನ ರೇಯಾನ್ ಕಾರ್ಖಾನೆಯ ವಿಷ ಕುಡಿದ ಹೊಳೆ. ಜನ ಹೋರಾಡಿದರು, ಕಾರ್ಖಾನೆ 2001ರಲ್ಲಿ ಮುಚ್ಚಿತು. ಅಂಥ ಹೊಳೆಯಲ್ಲಿ ಈಗ ಮಕ್ಕಳು ಹುಟ್ಟು ಹಾಕುತ್ತಾರೆ ಅನ್ನುವುದು ಸಣ್ಣ ಮಾತಲ್ಲ. ಕಸ ಆರಿಸಿದ ಮಾತ್ರಕ್ಕೆ ಹೊಳೆ ಶುದ್ಧವಾಯಿತು ಅಂತ ನಾನು ಹೇಳುತ್ತಿಲ್ಲ. ಕಸ ಆರಿಸುವುದು ಒಂದು ದಿನದ ಕೆಲಸ, ಕಸ ಬರುವ ದಾರಿ ಮುಚ್ಚಿಸುವುದು ಹತ್ತು ವರ್ಷದ ಕೆಲಸ. ಮೊದಲನೆಯದನ್ನು ಮಾಡಿದವರಲ್ಲಿ ಕೆಲವರಾದರೂ ಎರಡನೆಯದಕ್ಕೆ ಬರುತ್ತಾರೆ.

ಗೇಟಿನ ಕೀಲಿ ಯಾರ ಕೈಲಿ

ಗಣೇಶಗುಡಿಯ ಮೇಲೆ ಸೂಪಾ ಅಣೆಕಟ್ಟು, 101 ಮೀಟರ್ ಎತ್ತರ. ಬುಡದಲ್ಲಿ 100 ಮೆಗಾವಾಟ್‌ನ ವಿದ್ಯುದಾಗಾರ. ಅಲ್ಲಿ ಟರ್ಬೈನ್ ತಿರುಗಿದರೆ ಕೆಳಗೆ ಕಾಳಿ ಬಿಳಿ ನೊರೆಯಾಗಿ ಓಡುತ್ತದೆ, ರಾಫ್ಟ್ ಇಳಿಯುತ್ತವೆ. ನಿಂತರೆ ಕಲ್ಲುಗಳು ಬೆನ್ನು ತೋರಿಸುತ್ತವೆ. ಅಂದರೆ ಇಡೀ ಸೀಮೆಯ ಹೋಮ್‌ಸ್ಟೇ, ಗೈಡು, ಜೀಪು, ಊಟದ ಮನೆ ಎಲ್ಲವೂ ಕರೆಂಟಿನ ಬೇಡಿಕೆಯ ಮೇಲೆ ನಿಂತಿವೆ. ಬೆಳಿಗ್ಗೆ ಎದ್ದು ‘ಇವತ್ತು ನೀರು ಬಿಡ್ತಾರಾ?’ ಅಂತ ಕೇಳುವುದು ಅಲ್ಲಿ ಮಾಮೂಲು.

ಇದೇ ಸ್ಥಿತಿ ಅಮೆರಿಕದ ವೆಸ್ಟ್ ವರ್ಜೀನಿಯಾದ ಗಾಲೀ ನದಿಯಲ್ಲಿತ್ತು. ಮೇಲೆ ಸಮ್ಮರ್ಸ್‌ವಿಲ್ ಅಣೆಕಟ್ಟು. ಪ್ರತಿ ವರ್ಷ ಬೇಸಿಗೆ ಕಳೆದ ಮೇಲೆ ಪ್ರವಾಹದ ನೀರಿಗೆ ಜಾಗ ಮಾಡಲು ಹೇಗೂ ನೀರು ಬಿಡಬೇಕಿತ್ತು. ಕಯಾಕ್, ರಾಫ್ಟ್‌ನವರು ಒಟ್ಟಾಗಿ ಪಟ್ಟು ಹಿಡಿದರು. ಹೇಗೂ ಬಿಡುವ ನೀರನ್ನು ಹೇಳಿ ಬಿಡಿ, ಗೊತ್ತಾದ ದಿನಗಳಲ್ಲಿ ಬಿಡಿ ಅಂದರು. 1986ರಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿ, ಆ ಅಣೆಕಟ್ಟಿನ ಉದ್ದೇಶಗಳ ಪಟ್ಟಿಗೇ ಬಿಳಿನೀರಿನ ಆಟವನ್ನು, ಅಂದರೆ ನೊರೆಯೆದ್ದು ಓಡುವ ನೀರಲ್ಲಿ ದೋಣಿ ಇಳಿಸುವುದನ್ನು, ಸೇರಿಸಿತು. ಈಗ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ‘ಗಾಲೀ ಸೀಸನ್’ ಅಂದರೆ ಅಲ್ಲಿಯ ಊರಿಗೆ ಜಾತ್ರೆ. ಯಾವ ವಾರ, ಎಷ್ಟು ನೀರು ಅಂತ ಮೊದಲೇ ಎಲ್ಲರಿಗೂ ಗೊತ್ತು.

ಆಟಕ್ಕಾಗಿ ಮಾತ್ರ ಇದನ್ನು ಹೇಳುತ್ತಿಲ್ಲ. 2014ರ ಜೂನ್‌ನಲ್ಲಿ ಹಿಮಾಚಲದ ಬಿಯಾಸ್ ನದಿಯಲ್ಲಿ ಹೈದರಾಬಾದ್‌ನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದರು. ಲಾರ್ಜಿ ಅಣೆಕಟ್ಟಿನಿಂದ ದಿಢೀರನೆ ಬಿಟ್ಟ ನೀರು ಅದು. ಅವರು ಕಲ್ಲಿನ ಮೇಲೆ ನಿಂತು ಫೋಟೊ ತೆಗೆಯುತ್ತಿದ್ದರು. ನೀರು ಬಿಡುವ ವೇಳಾಪಟ್ಟಿ ಮೊಬೈಲಿಗೆ ಬರುವುದು ಕಯಾಕ್‌ನವರಿಗೆ ಅನುಕೂಲ, ಬಟ್ಟೆ ಒಗೆಯುವ ಹೆಂಗಸಿಗೆ ಜೀವ. ಕಾಳಿಯ ಗೈಡುಗಳು, ಹೋಮ್‌ಸ್ಟೇಯವರು ಒಂದು ಸಂಘವಾಗಿ ಇದನ್ನು ಕೇಳಿದರೆ ಅದೇ ಹೊಳೆ ಕಾಯುವ ಕೆಲಸದ ಶುರು. ಈಗ ಅವರ ಶಕ್ತಿಯೆಲ್ಲ ಪರವಾನಗಿ ಉಳಿಸಿಕೊಳ್ಳುವುದರಲ್ಲೇ ಖರ್ಚಾಗುತ್ತಿದೆ.

ಮೊದಲೇ ಇದ್ದವರು

ಇನ್ನೊಂದು ಮಾತು, ಸ್ವಲ್ಪ ಇರಿಸುಮುರಿಸಿನದ್ದು. ಕಯಾಕ್‌ನವರು ತಮ್ಮನ್ನು ಹೊಳೆಯ ಗೆಳೆಯರು ಅಂದುಕೊಳ್ಳುತ್ತಾರೆ. ಹೊಳೆಯಲ್ಲಿ ಮೊದಲೇ ಇದ್ದವರಿಗೆ ಹಾಗೆ ಅನ್ನಿಸಬೇಕಲ್ಲ?

ಕುಮಟಾದ ಅಘನಾಶಿನಿ ಅಳಿವೆ ನೋಡಿ. ಒಂದೂ ದೊಡ್ಡ ಅಣೆಕಟ್ಟಿಲ್ಲದೆ ಸಮುದ್ರ ಸೇರುವ ಹೊಳೆ. 2024ರಲ್ಲಿ ಅದರ ಅಳಿವೆಗೆ ರಾಮ್ಸಾರ್ ಮಾನ್ಯತೆ, ಅಂದರೆ ಜಗತ್ತಿನ ಮುಖ್ಯ ಜೌಗುನೆಲಗಳಲ್ಲಿ ಒಂದೆಂಬ ಮಾನ್ಯತೆ ಬಂತು. ಇಳಿತದ ಹೊತ್ತಿಗೆ ಹೆಂಗಸರು, ಗಂಡಸರು ಸೊಂಟದ ನೀರಿನಲ್ಲಿ ನಿಂತು ಬೆಳಚು (ತಿನ್ನುವ ಚಿಪ್ಪುಜೀವಿ) ಆರಿಸುತ್ತಾರೆ. ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ. ಅಲ್ಲಿ ಕಯಾಕ್ ಗುಂಪೊಂದು ಬ್ಲೂಟೂತ್ ಸ್ಪೀಕರ್ ಹಚ್ಚಿಕೊಂಡು ಬಲೆಗಳ ಮೇಲೆ ಹಾದುಹೋದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಕಯಾಕ್ ಸದ್ದಿಲ್ಲದ ದೋಣಿ ಅನ್ನುವುದೂ ಪೂರ್ತಿ ಒಳ್ಳೆಯದಲ್ಲ. ಸದ್ದಿಲ್ಲದ ಕಾರಣಕ್ಕೇ ಹಕ್ಕಿಗಳ ತೀರಾ ಹತ್ತಿರ ಹೋಗಿಬಿಡುತ್ತೇವೆ. ಅವು ಗೂಡು ಬಿಟ್ಟು ಹಾರಿದ್ದನ್ನು ‘ಆಹಾ’ ಅಂತ ಫೋಟೊ ತೆಗೆಯುತ್ತೇವೆ.

ಹಾಗಂತ ಮೋಟಾರು ದೋಣಿಗೆ ಹೋಲಿಸಿದರೆ ಇದು ಎಷ್ಟೋ ವಾಸಿ. ಎಣ್ಣೆ ಸೋರುವುದಿಲ್ಲ, ಅಲೆ ಎದ್ದು ದಂಡೆ ಕುಸಿಯುವುದಿಲ್ಲ. ಭೋಪಾಲ್‌ನ ದೊಡ್ಡ ಕೆರೆಯಲ್ಲಿ ಕ್ರೂಸ್, ಮೋಟಾರು ದೋಣಿ ನಿಲ್ಲಿಸಿ ಎಂದು 2023ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು. ಕಾನೂನಿನ ಲೆಕ್ಕದಲ್ಲಿ ಮಾತ್ರ ಎಂಜಿನ್ ಇರುವುದಕ್ಕೇ ಮರ್ಯಾದೆ ಜಾಸ್ತಿ. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆ ದೇಶದ 111 ಜಲಮಾರ್ಗಗಳನ್ನು ಹೆಸರಿಸಿತು. ನಮ್ಮ ಕಾಳಿ, ಶರಾವತಿ, ನೇತ್ರಾವತಿ, ಗುರುಪುರ, ಪಂಚಗಂಗಾವಳಿ ಎಲ್ಲ ಅದರಲ್ಲಿವೆ. ಆದರೆ ಅದರ ಕಣ್ಣಿರುವುದು ಸರಕು ಸಾಗಣೆಯ ಮೇಲೆ. ಒಬ್ಬ ಮನುಷ್ಯ ಒಂದು ಹುಟ್ಟು ಹಿಡಿದು ಹೊಳೆಗೆ ಇಳಿಯಬೇಕೆಂದರೆ ಎಲ್ಲಿ ಇಳಿಯಬೇಕು? ಹಳೇ ಕಡವುಗಳಿಗೆ ಸೇತುವೆ ಬಂದು ದಾರಿ ಮುಚ್ಚಿತು. ದಂಡೆಯ ಒಳ್ಳೊಳ್ಳೆ ಜಾಗಕ್ಕೆಲ್ಲ ರೆಸಾರ್ಟ್ ಬೇಲಿ ಬಂತು. ಹೊಳೆ ಎಲ್ಲರದ್ದು, ಹೊಳೆಗೆ ಹೋಗುವ ದಾರಿ ಖಾಸಗಿಯವರದ್ದು. ಗ್ರಾಮ ಪಂಚಾಯಿತಿ ಹಳೇ ಕಡವಿಗೆ ನಾಲ್ಕು ಮೆಟ್ಟಿಲು ಕಟ್ಟಿಸಿ, ಒಂದು ಬೋರ್ಡು, ಒಂದು ಎಸೆಯುವ ಹಗ್ಗ ಇಟ್ಟರೆ ಅದಕ್ಕಿಂತ ಅಗ್ಗದ ಕ್ರೀಡಾ ಯೋಜನೆ ಇನ್ನೊಂದಿಲ್ಲ.

ದುಬಾರಿ ಕಯಾಕ್ ಬರುವ ತನಕ ಕಾಯಬೇಕಾಗಿಯೂ ಇಲ್ಲ. ಸಾಗರದ ಹತ್ತಿರ ಲಿಂಗನಮಕ್ಕಿ ಹಿನ್ನೀರಿನ ಹೊನ್ನೇಮರಡುವಿನಲ್ಲಿ ಹರಿಗೋಲಲ್ಲೇ ಮಕ್ಕಳಿಗೆ ನೀರು ಪರಿಚಯ ಮಾಡಿಸುತ್ತಾ ಬಂದಿದ್ದಾರೆ. ಹರಿಗೋಲು ಒಳ್ಳೆ ಮೇಷ್ಟ್ರು. ಒಬ್ಬ ಸುಮ್ನೆ ಜೋರಾಗಿ ಎಳೆದರೆ ಗಿರಗಿರ ತಿರುಗುತ್ತದೆ, ಎಲ್ಲರೂ ಲಯಕ್ಕೆ ಬಂದರೆ ಮಾತ್ರ ಮುಂದೆ ಹೋಗುತ್ತದೆ.

ಅವತ್ತು ಸೀತಾ ಹೊಳೆಯಲ್ಲಿ ಒಂಬತ್ತರ ಹೊತ್ತಿಗೆ ಹುಡುಗ ನೀರು ನೋಡಿ ‘ಹೊರಡುವ, ಇಳಿತ ಶುರುವಾಯ್ತು’ ಅಂದ. ನನಗೇನೂ ಕಾಣಲಿಲ್ಲ. ಎಲೆಯೊಂದು ಇಷ್ಟು ಹೊತ್ತು ನಿಂತಲ್ಲೇ ಇದ್ದದ್ದು ಈಗ ಸಮುದ್ರದ ಕಡೆಗೆ ಹೊರಟಿತ್ತು, ಅದನ್ನು ಅವನು ನೋಡಿದ್ದ. ಹತ್ತು ನಿಮಿಷ ತಡಮಾಡಿದ್ದಕ್ಕೆ ಕೊನೆಯ ತಿರುವಿನಲ್ಲಿ ನನ್ನ ಕಯಾಕ್ ಕೆಸರಿಗೆ ಕೂತಿತು. ಅವನು ಹಿಂದೆ ಬಂದು ಹುಟ್ಟಿನಿಂದ ತಳ್ಳಿದ, ಏನೂ ಅನ್ನಲಿಲ್ಲ.

ದಡದಲ್ಲಿ ಎರಡು ಗೋಣಿಚೀಲ ತುಂಬಿತು. ಹಾಲಿನ ಪ್ಯಾಕೆಟ್, ಬಲೆ, ಚಪ್ಪಲಿ ಎಲ್ಲ. ಎಲ್ಲಿ ಹಾಕುವುದು ಅಂತ ಕೇಳಿದೆ. ‘ಪಂಚಾಯಿತಿ ಗಾಡಿ ಮಂಗಳವಾರ ಬರುತ್ತೆ’ ಅಂದ. ಅವತ್ತು ಶನಿವಾರ. ನಾಯಿಗಳು ಎಳೆದಾಡಬಾರದು ಅಂತ ಚೀಲಗಳ ಮೇಲೆ ಒಂದು ಕಯಾಕ್ ಕವುಚಿ ಹಾಕಿ, ಎರಡೂ ಕಡೆ ಕಲ್ಲು ಇಟ್ಟು ಬಂದೆವು.